ಬಲಗಡೆಯ ಕಾಯಿ ಕದಲಲಿಲ್ಲ

"ಅಯ್ಯೋ, ಘೋಡಾ ನಡಸ್ರಿ ಮೇಡಂ! ಘೋಡಾ!"

ಕಿವಿಯ ಪಕ್ಕದಲ್ಲೇ ಬಂದ ದನಿಗೆ ಕೌಸಲ್ಯಾ ಬೆಚ್ಚಿಬಿದ್ದಳು. ಬೆರಳು ಜಾರಿತು. ಕುದುರೆಯ ಬದಲು ವಜೀರ ಹೋಗಿ ಎದುರಾಳಿಯ ಬಾಯಿಗೆ ಬಿತ್ತು. ಮೊಬೈಲಿನ ಪರದೆಯ ಮೇಲೆ ಅವಳ ಆಟ ಅಲ್ಲಿಗೇ ಮುಗಿಯಿತು!

ಔರಾದ ಬಸ್ ನಿಲ್ದಾಣ. ಉರಿ ಬಿಸಿಲಿನ ಮಧ್ಯಾಹ್ನ. ಬೀದರಕ್ಕೆ ಹೊರಡಲು ಇನ್ನೂ ಹತ್ತು ನಿಮಿಷವಿತ್ತು. ಇಂಥ ಬಿಡುವಿನಲ್ಲಿ ಆನ್‌ಲೈನ್ ಚೆಸ್ ಆಡುವುದು ಕಂಡಕ್ಟರ್ ಕೌಸಲ್ಯಾಳ ಚಟ. ಅದೂ ಮೂರು ನಿಮಿಷದ ಆಟ. ಇಬ್ಬರಿಗೂ ತಲಾ ಮೂರೇ ನಿಮಿಷ. ಗಡಿಯಾರ ಸೊನ್ನೆಗೆ ಬಂದರೆ ಎಷ್ಟು ಕಾಯಿ ಉಳಿದಿದ್ದರೂ ಸೋಲೇ.

ಸರ್ರನೆ ಹಿಂತಿರುಗಿದಳು. ಹಿಂದಿನ ಸೀಟಿನಿಂದ ಕತ್ತು ಚಾಚಿದ್ದವನಿಗೆ ಮೂವತ್ತರ ವಯಸ್ಸು. ಸಿಮೆಂಟಿನ ಕಲೆ ಮೆತ್ತಿದ ಅಂಗಿ. ತೊಡೆಯ ಮೇಲೆ ಟೈಲ್ಸ್ ಕತ್ತರಿಸುವ ಮಷಿನ್ನು.

"ಯಾರ್ರಿ ನೀವು? ಮಂದಿ ಆಟದಾಗ ಬಾಯಿ ಹಾಕಂತ ಯಾರ್ ಹೇಳ್ಯಾರ?"

"ತಪ್ಪಾತ್ರಿ... ನೋಡಕೋತ ಕುಂತಿದ್ದೆ. ಬಾಯಿ ತಡೀಲಿಲ್ಲ."

"ನಿಮ್ಮ ಬಾಯಿ ತಡೀಲಿಲ್ಲ, ನನ್ನ ವಜೀರ ಹೋತು!"

ಅವನು ಸುಮ್ಮನಿರಬಹುದಿತ್ತು. ಇರಲಿಲ್ಲ.

"ಖರೇ ಹೇಳ್ಲೇನ್ರಿ ಮೇಡಂ? ವಜೀರ ಮೊದ್ಲೇ ಹೋಗಿತ್ತು. ನಾಕನೇ ನಡಿಗೇ ಅದನ್ನ ಬಯಲಿಗಿ ತಂದು ನಿಲ್ಲಸೀರಿ. ನೀವು ಎದುರಿನವನ ಆಟ ನೋಡೂದೇ ಇಲ್ರಿ. ಬರೇ ನಿಮ್ಮ ಸಿಟ್ಟು ಆಡ್ತದ."

'ಎಂಥ ಸೊಕ್ಕು ಇವನಿಗೆ!'

ಬೀದರ ಬರುವವರೆಗೂ ಆ ಮಾತು ತಲೆಯಲ್ಲೇ ಕೊರೆಯಿತು. ನಿಜವಾಗಿದ್ದಕ್ಕೇ ಕೊರೆಯಿತು. ದಿನವಿಡೀ ನೂಕುನುಗ್ಗಲಿನಲ್ಲಿ ಕೂಗಾಡಿ ಬರುವವಳಿಗೆ ಆಟದಲ್ಲೂ ಅದೇ ಅವಸರ, ಅದೇ ಸಿಡಿಮಿಡಿ. ಎರಡು ವರ್ಷದಿಂದ ಅವಳ ಆಟದ ಅಂಕ, ಅಂದರೆ ರೇಟಿಂಗ್, ಸಾವಿರದ ನೂರು ದಾಟಿರಲಿಲ್ಲ.

ಅವನು ಇಳಿಯುವಾಗ ಬಾಗಿಲಲ್ಲೇ ತಡೆದಳು.

"ಆ್ಯಪ್‌ನಾಗ ನಿಮ್ಮ ಹೆಸರೇನ್ರಿ? ಆಡಿ ತೋರಸ್ರಿ. ಬರೇ ಮಾತು ಬ್ಯಾಡ."

ಅವನು ನಕ್ಕ. "ಮಚ್ಛೇಂದ್ರ. ಭಾಲ್ಕಿ."

ಅಂದು ಸಂಜೆ ಬೀದರಕ್ಕಂಟಿದ ನೌಬಾದದ ಮನೆಯಲ್ಲಿ ಕೂತು ಐದು ಆಟ ಆಡಿದಳು. ಐದೂ ಸೋತಳು!

ಅವನ ಆಟದಲ್ಲಿ ಅಬ್ಬರವೇ ಇರಲಿಲ್ಲ. ಗೋಡೆ ಕಟ್ಟಿದಂತೆ ಕಾಲಾಳುಗಳನ್ನು ಒಂದೊಂದೇ ಪ್ಯಾದೆಯಾಗಿ ಇಟ್ಟು, ಕಾಯಿಗೆ ಕಾಯಿ ಬದಲಾಯಿಸಿ, ಸುಮ್ಮನೆ ಕಾಯುತ್ತಿದ್ದ. ಕೊನೆಯ ಇಪ್ಪತ್ತು ಸೆಕೆಂಡು ಉಳಿದಾಗ ಮಾತ್ರ ಅವನ ಬೆರಳಿಗೆ ಜೀವ ಬರುತ್ತಿತ್ತು. ಟಪ್, ಟಪ್, ಟಪ್... ಸೆಕೆಂಡಿಗೆ ಒಂದು ನಡೆ! ಅವಳು ಯೋಚಿಸುವಷ್ಟರಲ್ಲಿ ಅವಳ ಗಡಿಯಾರ ಸತ್ತಿರುತ್ತಿತ್ತು.

ದಿನಗಳು ಕಳೆದವು. ಪ್ರತಿ ಆಟದ ನಂತರ ಅವನಿಂದ ಉದ್ದುದ್ದ ಮೆಸೇಜು ಬರುತ್ತಿತ್ತು. 'ಹನ್ನೊಂದನೇ ನಡಿ ನೋಡ್ರಿ. ಅಲ್ಲಿ ಎರಡು ಸೆಕೆಂಡ್ ನಿಂತಿದ್ರ ನಿಮ್ಮ ಒಂಟೆ ಉಳೀತಿತ್ತು.' ಅವಳು ನಿಲ್ಲಲು ಕಲಿತಳು. ವಜೀರನನ್ನು ಮನೆಯಲ್ಲೇ ಇಟ್ಟು ಘೋಡಾಗಳನ್ನು ಮೊದಲು ಹೊರಡಿಸಲು ಕಲಿತಳು. ಎದುರಿನವನ ಸಮಯದಲ್ಲಿ ತನ್ನ ಯೋಚನೆ ಮುಗಿಸಲು ಕಲಿತಳು. ನಾಲ್ಕು ತಿಂಗಳಲ್ಲಿ ರೇಟಿಂಗ್ ಸಾವಿರದ ಮುನ್ನೂರೈವತ್ತಕ್ಕೆ ಬಂತು.

ಬೀದರದಲ್ಲಿ ಕೆಲಸವಿದ್ದ ದಿನ ಅವನು ನಿಲ್ದಾಣದ ಕ್ಯಾಂಟೀನಿಗೆ ಬರುತ್ತಿದ್ದ. ಚಹಾ ಕುಡಿಯುತ್ತ ಆಟದ ಮಾತು. ಆಟ ಮುಗಿದ ಮೇಲೂ ಮಾತು. ಅವನು ಎದ್ದು ಹೋದ ಮೇಲೆ ಆ ಬೆಂಚು ಯಾಕೆ ಅಷ್ಟು ಖಾಲಿ ಅನ್ನಿಸುತ್ತದೆ... ಅವಳಿಗೆ ಗೊತ್ತಿತ್ತು. ಹೇಳುವ ಧೈರ್ಯವಿರಲಿಲ್ಲ.

೨೦೧೮ರ ಮಳೆಗಾಲ ಹಾಗೇ ಕಳೆಯಿತು. ಮಳೆ ಮಾತ್ರ ಬರಲಿಲ್ಲ!

ಔರಾದದಿಂದ ಬರುವ ಅವಳ ಬಸ್ಸು ಗಂಟುಮೂಟೆಗಳಿಂದ ತುಂಬತೊಡಗಿತು. ಕೊಡ, ಹಾಸಿಗೆ, ನಿದ್ದೆಗಣ್ಣಿನ ಮಕ್ಕಳು. ಎಲ್ಲರೂ ಬೀದರದಲ್ಲಿಳಿದು ಹೈದರಾಬಾದಿಗೋ ಪುಣೆಗೋ ಹೋಗುವವರು. ಭಾಲ್ಕಿಯಲ್ಲಿ ಸಿಮೆಂಟು ಕಲಸಲು ನೀರಿಲ್ಲದೆ ಕಟ್ಟಡದ ಕೆಲಸಗಳು ನಿಂತವು. ಗೋಡೆಯೇ ಏಳದಿದ್ದರೆ ಟೈಲ್ಸ್ ಕೂಡಿಸುವವನಿಗೆ ಏನು ಕೆಲಸ?

ಡಿಸೆಂಬರಿನ ಒಂದು ಬೆಳಿಗ್ಗೆ ಅವನೂ ಚೀಲ ಹೊತ್ತು ಬೀದರ ನಿಲ್ದಾಣಕ್ಕೆ ಬಂದ. ಜೊತೆಯಲ್ಲಿ ಅದೇ ಕೆಲಸದ ಗೆಳೆಯ ವೈಜಿನಾಥ.

"ಹೈದರಾಬಾದಿಗಿ ಹೊಂಟೀನ್ರಿ ಮೇಡಂ. ದಿನಾ ಸಂಜಿ ಆರಕ್ಕ ಒಂದು ಆಟ ಆಡೂಣೇನ್ರಿ? ಒಂದೇ."

'ಇಷ್ಟೇನಾ? ಕೇಳುವುದು ಇಷ್ಟೇನಾ...?'

"ಆಡೂಣ್ರಿ," ಅಂದಳು. ಬಸ್ಸು ಕಣ್ಮರೆಯಾಗುವವರೆಗೂ ನಿಂತೇ ಇದ್ದಳು.

ಮೂರು ತಿಂಗಳು ಆ ಆರು ಗಂಟೆ ಒಂದು ದಿನವೂ ತಪ್ಪಲಿಲ್ಲ. ಸಂಕ್ರಾಂತಿಯ ಸಂಜೆ ಅವಳು ಅವನನ್ನು ಮೊದಲ ಸಲ ಸೋಲಿಸಿದಳು. ಅವನಿಂದ ಹದಿನಾಲ್ಕು ಸಾಲಿನ ಮೆಸೇಜು ಬಂತು! ಕೊನೆಯ ಸಾಲು, 'ಯುಗಾದಿಗಿ ಬರ್ತೇನಿ. ನಿಮ್ಮ ಕೂಡ ಒಂದು ಮಾತು ಆಡೂದದ.'

ಆ ಸಾಲನ್ನು ಎಷ್ಟು ಸಲ ಓದಿದಳೋ!

ಆದರೆ ಮಾರ್ಚಿನಲ್ಲಿ ಹನ್ನೊಂದು ದಿನ ಅವನ ಸುಳಿವೇ ಇಲ್ಲ. ಹನ್ನೆರಡನೇ ದಿನ ಫೋನು ಬಂತು. "ನೆಟ್‌ವರ್ಕ್ ಇರಲಿಲ್ರಿ. ಹೈದರಾಬಾದಿನಾಗ ಬಿಸಲು ಭಾಳ. ಆರಾಮ್ ಇದ್ದೀನಿ." ಅಷ್ಟೇ. ಕಟ್.

ಸಂಜೆಯ ಆಟ ಮತ್ತೆ ಶುರುವಾಯಿತು. ಆದರೆ ಇವನು ಅವನಲ್ಲ! ಗೆಲ್ಲುವ ಆಟದಲ್ಲೂ ಸಮಯ ಸಾಲದೆ ಸೋಲುತ್ತಿದ್ದ. ಹಾಥಿಯನ್ನು, ಅಂದರೆ ಆನೆಯನ್ನು, ಒಂದು ಮನೆ ಈಚೆಗೆ ಇಟ್ಟು ಕಳೆದುಕೊಳ್ಳುತ್ತಿದ್ದ. ಉದ್ದದ ಮೆಸೇಜುಗಳ ಜಾಗದಲ್ಲಿ ಈಗ 'ಹೂಂ', 'ಇಲ್ಲ'.

'ಬೇರೆ ಯಾರೋ ಆಡುತ್ತಿದ್ದಾರಾ? ಅವನ ಪಕ್ಕದಲ್ಲಿ ಯಾರಾದರೂ...?'

ಯುಗಾದಿ ಬಂತು. ಅವನು ಬರಲಿಲ್ಲ.

"ಎಷ್ಟು ದಿನ ಹಿಂಗ ಮೊಬೈಲ್ ನೋಡಕೋತ ಕೂಡ್ತಿ?" ಅವಳ ತಾಯಿ ಅಂಜನಾಬಾಯಿ ಹೋಳಿಗೆಯ ತಾಟನ್ನು ಮುಂದಿಟ್ಟು ಮೆಲ್ಲಗೆ ಕೇಳಿದಳು. "ಹುಮನಾಬಾದದ ಗಂಡಿನ ಕಡಿಯವ್ರು ಮತ್ತ ಕೇಳಿ ಕಳಿಸ್ಯಾರ. ಏನ್ ಹೇಳ್ಲಿ ಮಗಳೇ?"

ಕೌಸಲ್ಯಾ ತಾಟನ್ನು ಬದಿಗೆ ಸರಿಸಿದಳು. ಕಣ್ಣೀರು ತಡೆದುಕೊಂಡು ಅವನಿಗೆ ಬರೆದಳು: 'ಮನಸಿಲ್ಲಂದ್ರ ಬಿಟ್ಟುಬಿಡ್ರಿ. ದಾಕ್ಷಿಣ್ಯಕ್ಕ ಆಡಬ್ಯಾಡ್ರಿ.'

ಬಹಳ ಹೊತ್ತಿನ ಮೇಲೆ ಉತ್ತರ ಬಂತು. 'ಹೂಂ.'

ಒಂದೇ ಅಕ್ಷರ!

ಆರು ಗಂಟೆಯ ಆಟ ನಿಂತಿತು. ಆದರೆ ಆ್ಯಪ್‌ನಲ್ಲಿ ಅವನು ದಿನವೂ ಆಡುತ್ತಲೇ ಇದ್ದ... ಯಾರು ಯಾರೊಂದಿಗೋ! ಅದು ಇನ್ನೂ ನೋವಾಗಿತ್ತು.

ಎರಡು ವಾರದ ನಂತರ, ಔರಾದ ನಿಲ್ದಾಣದಲ್ಲಿ ನಿಂತ ಬಸ್ಸಿನಲ್ಲಿ, ಅವರಿಬ್ಬರ ಹಳೆಯ ಆಟಗಳನ್ನೆಲ್ಲ ಅಳಿಸಲೆಂದು ತೆರೆದಳು. ಅಳಿಸುವ ದಾರಿಯೇ ಆ್ಯಪ್‌ನಲ್ಲಿ ಇರಲಿಲ್ಲ. ಸುಮ್ಮನೆ ನೋಡುತ್ತ ಕೂತಳು.

ಒಂದೊಂದು ನಡೆಯ ಪಕ್ಕದಲ್ಲೂ ತೆಗೆದುಕೊಂಡ ಸೆಕೆಂಡು ಬರೆದಿತ್ತು. ಎರಡು... ಎರಡು... ಏಳು... ಎರಡು... ಆರು... ಯಾಕೆ ಹೀಗೆ? ಸುಲಭದ ನಡೆಗೂ ಏಳು ಸೆಕೆಂಡು, ಕಷ್ಟದ ನಡೆಗೂ ಎರಡೇ!

ಅವಳು ಬೋರ್ಡನ್ನು ತಿರುಗಿಸಿದಳು. ಅವನ ಕಡೆಯಿಂದ ನೋಡಿದಳು.

ಎಡಗಡೆಯ ಕಾಯಿಗಳೆಲ್ಲ ಓಡಾಡಿವೆ. ಏಳು ಸೆಕೆಂಡು ಹಿಡಿದದ್ದು ಬಲ ಅಂಚಿನತ್ತ ಸಾಗಿದ ನಡೆಗಳಿಗೆ. ಬಲಗಡೆಯ ಹಾಥಿ, ಘೋಡಾ, ಪ್ಯಾದೆ ಇಟ್ಟಲ್ಲೇ ಇವೆ. ಇನ್ನೊಂದು ಆಟ ತೆರೆದಳು. ಹಾಗೇ! ಮತ್ತೊಂದು... ಅವನದು ಬಿಳಿ ಕಾಯಿ ಇದ್ದರೂ ಕಪ್ಪು ಇದ್ದರೂ ಹಾಗೇ. ಪ್ಯಾದೆಗಳ ಗೋಡೆ ಮಾತ್ರ ಅವನದೇ. ಕಾಯಿಗೆ ಕಾಯಿ ಕೊಡುವ ಅದೇ ತಾಳ್ಮೆ. ಆಡುತ್ತಿದ್ದವನು ಅವನೇ!

ಆಟ ಅವನದೇ... ಮತ್ತೆ ಕೈ?

ಮೊಬೈಲನ್ನು ಎಡಗೈಗೆ ತೆಗೆದುಕೊಂಡಳು. ಬಲಗೈಯನ್ನು ಬೆನ್ನ ಹಿಂದಿಟ್ಟಳು. ಎಡಗೈ ಹೆಬ್ಬೆರಳು ಎಡಗಡೆಯ ಕಾಯಿಗಳನ್ನು ಸುಲಭವಾಗಿ ಮುಟ್ಟಿತು. ಬಲಗಡೆಯ ಅಂಚಿಗೆ ಚಾಚಿತು... ಎಟುಕಲಿಲ್ಲ. ಮೊಬೈಲು ವಾಲಿತು. ಹಾಥಿ ಒಂದು ಮನೆ ಈಚೆಗೇ ಬಿತ್ತು!

"ದೇವರೇ..."

ಹೊರಡುವ ದಿನ ನಂಬರು ಕೊಟ್ಟಿದ್ದ ವೈಜಿನಾಥನಿಗೆ ಫೋನು ಹಚ್ಚಿದಳು.

"ಅವ್ರ ಬಲಗೈಗಿ ಏನಾಗ್ಯಾದ್ರಿ? ಸುಳ್ಳು ಹೇಳಬ್ಯಾಡ್ರಿ ಅಣ್ಣಾ."

ಆ ಕಡೆಯಿಂದ ನಿಟ್ಟುಸಿರು. "ಮಷಿನ್ ಜಾರಿತವ್ವಾ. ಬೆರಳಿನ ನರ ಕಡದಾವ. ನಿಮಗ ಹೇಳಬ್ಯಾಡಂತ ಆಣಿ ಹಾಕ್ಸಿದ್ದ. ಇಲ್ಲಿ ಇಲ್ಲ ಅವ. ತಿಂಗಳ ಮ್ಯಾಲಾತು... ಭಾಲ್ಕಿಗೇ ಬಂದಾನ."

ಭಾಲ್ಕಿ! ಬೀದರದಿಂದ ಒಂದು ಗಂಟೆಯ ಹಾದಿ!

ಮರುದಿನ ರಜೆ ಹಾಕಿ, ವೈಜಿನಾಥ ಹೇಳಿದ ವಿಳಾಸ ಹಿಡಿದು ಭಾಲ್ಕಿಗೆ ಹೊರಟಳು. ಬಾಗಿಲು ತೆರೆದವರು ಅವನ ತಾಯಿ ಜಿಜಾಬಾಯಿ. ಹೆಸರು ಕೇಳಿದ್ದೇ ಆ ಮುದುಕಿಯ ಕಣ್ಣು ತುಂಬಿತು.

"ಕೌಸಲ್ಯಾ ಅಂದ್ರ ನೀನೇನವ್ವಾ? ಸಂಜಿ ಆರಾದ್ರ ಸಾಕು, ಮೊಬೈಲಿನಾಗ ನಿನ್ನ ಹೆಸರು ನೋಡಕೋತ ಸುಮ್ಕ ಕೂಡ್ತಾನ. ಬಾ, ಒಳಗ ಬಾ."

ಮಚ್ಛೇಂದ್ರ ಕಿಟಕಿಯ ಬಳಿ ಕೂತಿದ್ದ. ಅವಳನ್ನು ಕಂಡವನೇ ಎದ್ದು ನಿಂತ. ಬಲಗೈ ಟವೆಲಿನ ಕೆಳಗೆ ಅಡಗಿತು.

"ಹೈದರಾಬಾದಿನಾಗ ಬಿಸಲು ಭಾಳ ಅದೇನ್ರಿ?" ಅವಳ ದನಿ ಒಡೆಯಿತು.

ಅವನು ತಲೆ ತಗ್ಗಿಸಿದ. "ವೈಜಿನಾಥ ಹೇಳಿದ್ನೇನ್ರಿ?"

"ಅವ್ರು ಆಮ್ಯಾಲ ಹೇಳಿದ್ರು. ಮೊದಲ ನಿಮ್ಮ ಹಾಥಿ ಹೇಳಿತು. ಬಲಗಡಿಂದು ಒಂದು ಕಾಯಿ ಅಲುಗಾಡಿಲ್ಲ. ಎಡಗೈಲೇ ಹಿಡದು ಆಡೀರಿ."

ಅವನು ಬಿಟ್ಟ ಕಣ್ಣು ಬಿಟ್ಟಂತೆ ನೋಡಿದ. ಮೆಲ್ಲಗೆ ಕೂತ.

"ಡಾಕ್ಟರ್ ಅಂದ್ರು, ಇನ್ನ ಬೆರಳು ಪೂರಾ ಮಡಚೂದಿಲ್ಲಂತ. ಟೈಲ್ಸ್ ಹಿಡಿಯೂ ಕೈ ಇದು... ಯುಗಾದಿಗಿ ಬಂದು ನಿಮ್ಮನ್ನ ಕೇಳಬೇಕಂದಿದ್ದೆ. ಆಮ್ಯಾಲ ಯಾವ ಬಾಯಿಲೆ ಕೇಳ್ಲಿ? ನೀವು ಬಿಟ್ಟುಬಿಡ್ರಿ ಅಂದ್ರಿ. ಅದೇ ಛಲೋ ಅನಿಸ್ತು."

"ಯಾರಿಗಿ ಛಲೋ?" ಅವಳು ಸಿಡಿದಳು. "ನಿಮ್ಮ ನಡಿ ನಡಸಿದ್ರಿ, ಸರಿ. ನನ್ನ ನಡೀನೂ ನೀವೇ ನಡಸಿಬಿಟ್ರಿ! ಯಾವ ಆಟದಾಗ ಹಂಗ ಮಾಡ್ತಾರ್ರಿ? ನಂದು ನಾ ಆಡಬೇಕು..."

ಅವಳಿಗೆ ಅಳು ತಡೆಯಲಾಗಲಿಲ್ಲ. ಅವನ ಕಣ್ಣಲ್ಲೂ ನೀರು.

ಅವಳೇ ಮೊದಲು ಮೂಗೊರೆಸಿಕೊಂಡಳು.

"ಮೊನ್ನಿ ನಿಮ್ಮ ಆಟ ನೋಡ್ದೆ. ಮೂವತ್ತು ನಡಿಯೊಳಗ ಮುಗಿಸೀರಿ. ಇಪ್ಪತ್ತು ಸೆಕೆಂಡ್ ಇನ್ನೂ ಉಳದಿತ್ತು."

"ಹೂಂ... ಕೊನಿಗಿ ಓಡ್ಲಿಕ್ಕೆ ಈ ಕೈಲೆ ಆಗೂದಿಲ್ರಿ. ಅದಕ್ಕ ಮೊದಲೇ ಮುಗಸೂದು ಕಲೀಲತ್ತೀನಿ. ಮುನ್ನೂರು ಪಾಯಿಂಟ್ ಇಳದಿದ್ದೆ. ನಲವತ್ತು ವಾಪಸ್ ಬಂದಾವ." ಹೇಳುತ್ತಲೇ ದನಿ ಕುಗ್ಗಿತು. "ಆಟ ಕಲೀಬಹುದು. ಹೊಟ್ಟಿಗಿ ಏನ್ ಮಾಡ್ಲಿ, ಅದು ಇನ್ನೂ ಗೊತ್ತಿಲ್ಲ ಕೌಸಲ್ಯಾ."

"ನನಗೂ ಗೊತ್ತಿಲ್ಲ. ಇಬ್ರೂ ಕುಂತು ವಿಚಾರ ಮಾಡೂಣು. ಕೈ ತೋರಸ್ರಿ."

ಅವನು ಅನುಮಾನಿಸಿದ. ನಂತರ ಟವೆಲು ಸರಿಸಿದ. ಬಾತ ಬೆರಳುಗಳು, ಕೆಂಪು ಹೊಲಿಗೆಯ ಗುರುತು. ಅವಳು ಮುಖ ತಿರುಗಿಸಲಿಲ್ಲ. ತೋರುಬೆರಳನ್ನು ಮೆಲ್ಲಗೆ ಮುಟ್ಟಿದಳು.

"ಇದು ಗೊತ್ತಾಗ್ತದೇನ್ರಿ?"

"ಇಲ್ಲ."

"ಇದು?"

"ಇಲ್ರಿ..."

ಕಿರುಬೆರಳನ್ನು ತನ್ನ ಅಂಗೈಯಲ್ಲಿ ಹಿಡಿದಳು. "ಇದು?"

ಅವನು ಅವಳ ಅಂಗೈಯನ್ನೇ ನೋಡಿದ. "...ಬೆಚ್ಚಗ ಅದ."

ಅವಳು ಆ ಬೆರಳನ್ನು ಬಿಡಲಿಲ್ಲ.

"ಬರೂ ರವಿವಾರ ನೌಬಾದಕ್ಕ ಬರ್ರಿ. ನಮ್ಮವ್ವನ ಮುಂದ ಕುಂತು ಕೇಳ್ರಿ."

"ಈ ಕೈ ತಗೊಂಡೇನು?"

"ಎರಡೂ ತಗೊಂಡು ಬರ್ರಿ."