ಇಂಡಿ ಹುಲಿಗೆ ಕೊಟ್ಟ ಕೈಪಟ್ಟಿ

"ಏ... ಓಡಬ್ಯಾಡ್ರಿ! ನನ್ನ ಹಿಂದ ನಿಂದರ್ರಿ!"

ಭುವನೇಶ್ವರಿಯ ಎದೆ ಧಸಕ್ಕೆಂದಿತು. ಮೊಬೈಲಿನ ಆಟದಲ್ಲಿ ಒಕ್ಕಣ್ಣಿನ ರಾಕ್ಷಸನೊಬ್ಬ ಅವಳ ಬಿಲ್ಲುಗಾತಿಯನ್ನು ಅಟ್ಟಿಸಿಕೊಂಡು ಬರುತ್ತಿದ್ದ. ಆದರೆ ಅವಳನ್ನು ಬೆಚ್ಚಿಸಿದ್ದು ಇಯರ್‌ಫೋನಿನಲ್ಲಿ ಕೇಳಿದ ಆ ದನಿ!

ಎಲ್ಲೆಲ್ಲಿಯವರೋ ಕೂಡಿ ಆಡುವ ಆಟ. ಯಾವ್ಯಾವುದೋ ಭಾಷೆ. ಅದರ ನಡುವೆ ನಮ್ಮ ಕಡೆಯ ಮಾತು!

ಕುದುರೆ ಏರಿ ಬಂದವನ ತಲೆಯ ಮೇಲೆ 'ಇಂಡಿ ಹುಲಿ' ಎಂಬ ಹೆಸರಿತ್ತು. ಕತ್ತಿ ಬೀಸಿದ, ರಾಕ್ಷಸ ದೊಪ್ಪನೆ ಬಿದ್ದ.

"ಭಾಳ ಉಪಕಾರ ಆತ್ರಿ ಅಣ್ಣಾ," ಎಂದಳು ಭುವನಾ.

ಅಣ್ಣಾ! ಗುರುತಿಲ್ಲದ ಗಂಡಸರೊಡನೆ ಮಾತಾಡುವಾಗ ನಮ್ಮ ಹುಡುಗಿಯರ ಬಾಯಿಗೆ ತಾನಾಗಿ ಬರುವ ಮಾತು. ಅದೊಂದು ಬೇಲಿ. ಆ ಬೇಲಿಯ ಮುಳ್ಳು ಮುಂದೆ ತನಗೇ ಚುಚ್ಚುತ್ತದೆಂದು ಆ ಪುಣ್ಯಾತಗಿತ್ತಿಗೆ ಏನು ಗೊತ್ತು?

ಸಿಂದಗಿಯ ರಕ್ತ ತಪಾಸಣೆಯ ಲ್ಯಾಬಿನಲ್ಲಿ ಅವಳ ಕೆಲಸ. ಇರಲು ಬಾಡಿಗೆಯ ಒಂದು ಖೋಲಿ. ಹೂವಿನ ಹಿಪ್ಪರಗಿಯಲ್ಲಿ ಅವ್ವ ತೀರಿದ ಮೇಲೆ ಊರಿನಿಂದ ಫೋನು ಬರುವುದೂ ನಿಂತಿತ್ತು. ಅಪ್ಪ ಎಂದೋ ಹೋಗಿದ್ದ, ಒಡಹುಟ್ಟಿದವರಿಲ್ಲ. ಸಂಜೆ ಬೀಗ ತೆಗೆದರೆ 'ಬಂದೆಯಾ' ಎನ್ನುವವರಿಲ್ಲ. ಒಬ್ಬಳಿಗೇ ಯಾಕೆ ಅಡುಗೆ ಎಂದು ಎಷ್ಟೋ ಸಲ ಚುರುಮುರಿ ತಿಂದು ಮಲಗಿದ್ದಳು.

ಈಗ ಆ ಖೋಲಿಗೆ ಒಂದು ದನಿ ಬಂತು.

"ಊಟಾತೇನ್ರಿ?"

"ಇನ್ನಾ ಇಲ್ರಿ ಅಣ್ಣಾ."

"ಮೊದಲ ಉಣ್ರಿ. ರಾಕ್ಷಸ ಎಲ್ಲೂ ಓಡಿ ಹೋಗಂಗಿಲ್ಲ."

ಅವನ ಹೆಸರು ಹಣಮಂತ್ರಾಯ. ಇಂಡಿ ಬಸ್ ಸ್ಟ್ಯಾಂಡಿನ ಹಿಂದೆ ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಕೆಲಸ. ಆಟದೊಳಗೆ ಇಬ್ಬರೂ ಹಿಮದ ಗುಡ್ಡ ಹತ್ತಿದರು, ಸಮುದ್ರ ದಾಟಿದರು, ಹೊಳೆಯ ದಂಡೆಗೆ ಗುಡಿಸಲು ಕಟ್ಟಿದರು. ದಿನ ಕಳೆದಂತೆ ಅವನ ಬಾಯಲ್ಲಿ 'ನೀವು' ಹೋಗಿ 'ಭುವನಾ' ಬಂತು. ಫೋನ್ ನಂಬರನ್ನು ಮಾತ್ರ ಅವನು ಕೇಳಲಿಲ್ಲ, ಇವಳು ಕೊಡಲಿಲ್ಲ. ಏನು ತಿಳಿದುಕೊಂಡಾರೋ ಎಂಬ ಅಂಜಿಕೆ ಇಬ್ಬರಿಗೂ!

ಒಂದು ಸಂಜೆ ಗವಿಯೊಂದರಲ್ಲಿ ಅವಳಿಗೆ ಕೆಂಪು ದಾರದ ಕೈಪಟ್ಟಿ ಸಿಕ್ಕಿತು. ನಡುವೆ ಬಂಗಾರದ ಹೂವು. ಅದನ್ನು ಕಟ್ಟಿಕೊಂಡವರನ್ನು ಬೆಂಕಿ ಸುಡುವುದಿಲ್ಲ. ಬೆಂಕಿಗುಡ್ಡಕ್ಕೆ ಹೋದಾಗಲೆಲ್ಲ ಇವಳನ್ನು ಉಳಿಸಲು ಹೋಗಿ ಅವನು ಸಾಯುತ್ತಿದ್ದ. ಓಡೋಡಿ ಬಂದು ಅವನ ಮುಂದೆ ಇಟ್ಟಳು.

"ಇದು ನಿಮಗ್ರಿ ಅಣ್ಣಾ!"

ಅವನ ಕುದುರೆ ಎರಡು ಹೆಜ್ಜೆ ಹಿಂದೆ ಸರಿಯಿತು.

"ನನಗ...? ಇವತ್ತ?"

"ಹೌದ್ರಿ. ಕಟ್ಕೋರಿ!"

"...ಆತು ಭುವನಾ. ಚೊಲೊ ಇರು."

ಅಷ್ಟೇ. ಮರುದಿನ ಅವನು ಬರಲಿಲ್ಲ. ಆಮೇಲೂ ಬರಲಿಲ್ಲ...

ಗುಡಿಸಲ ಮುಂದೆ ಬಿಲ್ಲುಗಾತಿಯನ್ನು ಕೂಡಿಸಿಕೊಂಡು ಅವಳೊಬ್ಬಳೇ ಕಾದಳು. ಆಟದಲ್ಲಿ ಹೊತ್ತು ಮುಳುಗುತ್ತಿತ್ತು, ಮತ್ತೆ ಹುಟ್ಟುತ್ತಿತ್ತು. ಯಾರದೋ ಕುದುರೆಯ ಸಪ್ಪಳವಾದರೆ ಜೀವ ಹಾರುತ್ತಿತ್ತು. ಬೇರೆ ಯಾರೋ ಹಾದು ಹೋಗುತ್ತಿದ್ದರು.

'ನಾನೇನು ತಪ್ಪು ಮಾಡಿದೆ? ನನಗೆ ಯಾರೂ ಉಳಿಯುವುದೇ ಇಲ್ಲವೇ?'

ತಾಟಿನ ಮುಂದೆ ಕೂತರೆ 'ಊಟಾತೇನ್ರಿ' ಎಂಬ ದನಿ ನೆನಪಾಗುತ್ತಿತ್ತು. ತುತ್ತು ಇಳಿಯುತ್ತಿರಲಿಲ್ಲ. ಅವನಿಲ್ಲದ ಖೋಲಿ ಮೊದಲಿಗಿಂತ ದೊಡ್ಡದಾಗಿ, ಮೊದಲಿಗಿಂತ ಬರಿದಾಗಿ ಕಂಡಿತು. ಮುಖ ಮುಚ್ಚಿಕೊಂಡು ಅತ್ತಳು. ತಾನು ಅವನನ್ನು ಪ್ರೀತಿಸುತ್ತಿದ್ದೇನೆಂದು ಅವಳಿಗೆ ತಿಳಿದದ್ದು ಆಗಲೇ!

ಒಂದು ದಿನ ಗುಡಿಸಲಿನ ಪೆಟ್ಟಿಗೆ ತೆರೆದಳು. ಅವಳಿಲ್ಲದ ಹೊತ್ತಿನಲ್ಲಿ ಬಂದು ಅವನು ತನ್ನ ಕತ್ತಿ, ಗುರಾಣಿ, ಗಳಿಸಿದ್ದೆಲ್ಲವನ್ನೂ ಇಟ್ಟು ಹೋಗಿದ್ದ. ಮೇಲೆ ಕೆಂಪು ಕೈಪಟ್ಟಿ. ಒಂದು ಸಲವೂ ಕಟ್ಟಿಕೊಂಡಿಲ್ಲವೆಂದು ಆಟವೇ ತೋರಿಸುತ್ತಿತ್ತು.

"ಮಾರಿ ಯಾಕವಾ ಇಷ್ಟ ಸಣ್ಣದಾಗೈತಿ?" ಎಂದಳು ಅವಳ ಮುಖ ನೋಡಿ ಲ್ಯಾಬಿನ ಗೆಳತಿ ನಿಷತ. ಭುವನಾ ಎಲ್ಲ ಹೇಳಿ ಮೊಬೈಲಿನಲ್ಲಿ ಆ ಕೈಪಟ್ಟಿ ತೋರಿಸಿದಳು.

"ಇದನ್ನ ಯಾವತ್ತ ಕೊಟ್ಟಿದ್ದಿ?"

"ರಾಖಿ ಹುಣ್ಣಿಮಿ ಸಂಜಿಗೆ..." ಭುವನಾಳ ಮಾತು ಅಲ್ಲಿಗೇ ನಿಂತಿತು.

"ಅಯ್ಯ ಹುಚ್ಚಿ! ದಿನಾ ಅಣ್ಣಾ ಅಣ್ಣಾ ಅಂತ ಕರದು, ಆವತ್ತ ಕೆಂಪು ದಾರ ಕೊಟ್ರ ಅಂವ ಏನ ತಿಳ್ಕೋಬೇಕು? ಮನಸ್ನ್ಯಾಗ ಏನೂ ಇದ್ದಿಲ್ಲಂದ್ರ ಕಟ್ಕೊಂಡ ಸುಮ್ಮ ಇರ್ತಿದ್ದ. ಕಟ್ಕೊಂಡಿಲ್ಲ ನೋಡ!"

ಹೌದಲ್ಲ! ಅವನು ಒಂದು ದಿನವೂ ಅವಳನ್ನು 'ತಂಗಿ' ಎಂದು ಕರೆದಿರಲಿಲ್ಲ...

ಮರುದಿನ ರಜೆ ಹಾಕಿ ಇಂಡಿ ಬಸ್ಸು ಹತ್ತಿದಳು. 'ಬೈದರೆ? ಗುರುತೇ ಇಲ್ಲ ಎಂದರೆ?' ದಾರಿಯುದ್ದಕ್ಕೂ ಅದೇ ಚಿಂತೆ.

ಅಂಗಡಿಯಲ್ಲಿ ಚಸ್ಮಾ ಹಾಕಿದ ಬಡಕಲು ಹುಡುಗನೊಬ್ಬ ತಾಮ್ರದ ತಂತಿ ಸುತ್ತುತ್ತ ಕೂತಿದ್ದ. ಹುಲಿಯ ಲಕ್ಷಣ ಒಂದೂ ಇರಲಿಲ್ಲ!

"ಹಣಮಂತ್ರಾಯ ಅಂದ್ರ..."

ದನಿ ಕೇಳಿದ್ದೇ ತಡ, ಅವನ ಕೈ ನಿಂತಿತು. ಗಡಬಡಿಸಿ ಎದ್ದು ಒಳಗೆ ಹೊರಟ.

"ಓಡಬ್ಯಾಡ್ರಿ!" ಎಂದಳು. "ಅದು ರಾಖಿ ಅಲ್ರೀ! ನೀವು ಬೆಂಕ್ಯಾಗ ಸಾಯೂದು ನನಗ ನೋಡಾಕ ಆಗ್ತಿದ್ದಿಲ್ಲ... ಅದಕ್ಕ ಕೊಟ್ಟೆ."

ಅವನು ತಿರುಗಿ ನಿಂತ. ಕಣ್ಣು ತುಂಬಿದ್ದವು.

"ಅಣ್ಣಾ ಅಂದಾಕಿ ಮ್ಯಾಲೆ ಮನಸ್ಸಿಟ್ಟೆ ಅಂತ ನನಗ ನನ್ನ ಮ್ಯಾಲೇ ಹೇಸಿಗಿ ಬಂದಿತ್ತು, ಭುವನಾ. ಹೆಂಗ ಬರ್ಲಿ ನಿನ್ನ ಮುಂದ?"

"ಗುರ್ತಿಲ್ಲದವ್ರಿಗೆ ಮತ್ತೇನ ಅನಬೇಕ್ರಿ? ಆಮ್ಯಾಲೆ ಬಿಡಬೇಕಿತ್ತು... ಹೆಂಗ ಬಿಡೂದಂತ ತಿಳೀಲಿಲ್ಲ. ನೀವಿಲ್ಲದ ನನಗ ಇರಾಕ ಆಗವಲ್ದು!"

ಒಳಗಿನಿಂದ ಅಂಗಡಿಯ ಮಾಲೀಕ ಗುಡುಸಾಬ ಇಣುಕಿದ.

"ಯಾರಪಾ ಹಣಮಂತ್ರಾಯ? ತಂಗಿ ಬಂದಾಳೇನು?"

"ಅಲ್ರೀ ಕಾಕಾ!"

ಇಬ್ಬರೂ ಒಮ್ಮೆಗೇ ಕೂಗಿದರು. ಪಾಪ, ಮುದುಕ ಬೆಚ್ಚಿ ಒಳಗೆ ಹೋದ. ಭುವನಾ ಅಳುತ್ತಲೇ ನಕ್ಕಳು.

"ಊಟಾತೇನು?" ಅವನು ಮೆಲ್ಲಗೆ ಕೇಳಿದ.

"ಇನ್ನಾ ಇಲ್ರಿ..." ಎಂದವಳು ರೂಢಿಯಿಂದ ನಾಲಿಗೆಗೆ ಬಂದ ಮುಂದಿನ ಮಾತನ್ನು ನುಂಗಿಕೊಂಡಳು. ಅದು ಅವನಿಗೂ ತಿಳಿಯಿತು.

"ಸಂಜಿಗೆ ಆ ಕೈಪಟ್ಟಿ ಹೊಳ್ಳಿ ಕೊಡ್ತೀ, ಭುವನಾ? ಈಗ ಕಟ್ಕೋತೇನಿ."

"ಮೊದಲ ಇಬ್ರೂ ಕೂಡಿ ಉಣ್ಣೂಣ್ರಿ. ಬೆಂಕಿಗುಡ್ಡ ಎಲ್ಲೂ ಓಡಿ ಹೋಗಂಗಿಲ್ಲ."