ಮೋಟು ಸ್ಕ್ರೂ

ಅವನು ಬೀಳಬೇಕಿತ್ತು. ಎಲ್ಲರ ಕಣ್ಣೆದುರು ದೊಪ್ಪೆಂದು ಬೀಳಬೇಕಿತ್ತು. ಆ ದಿನ ಟೀಚರಮ್ಮನ ಅಡುಗೆಮನೆಯಲ್ಲಿ ನಿಂತಾಗ ನನಗೆ ಬೇರೆ ಆಸೆಯೇ ಇರಲಿಲ್ಲ.

ಸುಮ್ಮನೆ ಅಲ್ಲ. ಅವನು ಅಪ್ಪನ ಮರಗೆಲಸದ ವರ್ಕ್‌ಶಾಪಿನಲ್ಲಿ ನನ್ನ ಜೊತೆ ಕೆಲಸ ಮಾಡುವವನು, ಮಾತು ಕೊಯ್ಯುತ್ತದೆಂದು ಅವನಿಗೆ ಗರಗಸ ಎಂದೇ ಹೆಸರು. ನಾನು ಮೊದಲ ಸಲ ಒಬ್ಬಳೇ ಮಾಡಿದ ಗೋಡೆ ಕಪಾಟನ್ನು ಈ ಗರಗಸ ಒಂದೇ ಕೈಯಲ್ಲಿ ಎಳೆದ. ತಳ ಕಳಚಿ ಬಂತು.

"ಹಲಗೆಗೆ ಹಲಗೆ ಕಚ್ಚಿಸೋ ಡವ್‌ಟೇಲ್ ಜಾಯಿಂಟಿನ ಬಾಲ ತಳಕ್ಕೆ ಕೆತ್ತಿದ್ದೀಯಲ್ಲೇ! ಪಕ್ಕದ ಹಲಗೆಗೆ ಕೆತ್ತಿದ್ರೆ ತಳಾನ ಹಿಡ್ಕೊಂಡಿರ್ತಿತ್ತು. ಇದರಲ್ಲಿ ಲೋಟ ಇಟ್ರೂ ಜಾರತ್ತೆ!"

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ಅಂದಿನಿಂದ ಅವನ ಜೊತೆ ಮಾತು ಬಿಟ್ಟೆ.

ಆಮೇಲೆ ಟೀಚರಮ್ಮ ತಮ್ಮ ಅಡುಗೆಮನೆಗೆ ಕಪಾಟು ಕೇಳಿದರು, ಅಪ್ಪ ಕೆಲಸ ಹಂಚಿದ. ಕಪಾಟಿನ ಪೆಟ್ಟಿಗೆ ಮಾಡುವುದು ಅವನದು, ಗೋಡೆಗೆ ಕೂರಿಸುವುದು ನನ್ನದು. ಅದನ್ನು ತೂಗುಹಾಕಲು ನಾನು ಓರೆಯಾಗಿ ಎರಡು ಸೀಳಿದ ಮರದ ಪಟ್ಟಿ ಆರಿಸಿದೆ. ಅರ್ಧ ಗೋಡೆಗೆ, ಅರ್ಧ ಪೆಟ್ಟಿಗೆಯ ಬೆನ್ನಿಗೆ. ಒಂದರ ಮೇಲೊಂದು ಕಚ್ಚಿ ಕೂರುತ್ತದೆ. ಗೋಡೆಯ ಪಟ್ಟಿಯ ಸ್ಕ್ರೂ ಇಟ್ಟಿಗೆಯೊಳಗೆ ಇಳಿದಿದ್ದರೆ ಎಂಥ ಭಾರವನ್ನೂ ತಡೆಯುತ್ತದೆ. ನಾನು ಹಾಕಿದ್ದು ಮೋಟು ಸ್ಕ್ರೂ, ಪ್ಲಾಸ್ಟರ್ ದಾಟಿ ಒಳಗೆ ಇಳಿಯದ್ದು.

ಗಿರಾಕಿಗೆ ಒಪ್ಪಿಸುವ ಮುನ್ನ ಪೆಟ್ಟಿಗೆ ಮಾಡಿದವನೇ ಅದಕ್ಕೆ ಜೋತುಬಿದ್ದು ತೋರಿಸಬೇಕು. ಕಿತ್ತುಬಂದರೆ ತಪ್ಪು ಮಾಡಿದವರು ತಮ್ಮ ಉಳಿಯನ್ನು ಅಪ್ಪನ ಕೈಗಿತ್ತು ವರ್ಕ್‌ಶಾಪ್ ಬಿಡಬೇಕು. ಅದು ಅಪ್ಪನ ನಿಯಮ. ಪೆಟ್ಟಿಗೆ ಬಿದ್ದು ಚೂರಾದರೆ ತಪ್ಪು ಅವನ ತಲೆಗೇ ಬರುತ್ತದೆ ಎಂದುಕೊಂಡಿದ್ದೆ.

ಅವನು ಗೋಡೆ ನೋಡಿದ, ನನ್ನ ಸ್ಕ್ರೂ ಡಬ್ಬಿ ನೋಡಿದ, ಆಮೇಲೆ ನನ್ನನ್ನು. ಕಣ್ಣಂಚಿನಲ್ಲಿ ಅದೇ ತುಂಟ ನಗು. ಹಾಳಾದವನ ಕಣ್ಣು ಅಷ್ಟು ಚೆಂದ ಇರಬಾರದಿತ್ತು.

"ನೇತಾಡ್ಲಾ?"

"ಸಾಯಿ," ಎಂದೆ ಮನಸ್ಸಿನಲ್ಲೇ.

ಜೋತುಬಿದ್ದವನು ಪೆಟ್ಟಿಗೆ, ಪ್ಲಾಸ್ಟರ್ ಸಮೇತ ಕೆಳಗೆ ಬಿದ್ದ. ಹೊಟ್ಟೆ ತಣ್ಣಗಾಯಿತು. ಆಮೇಲೆ ಪೆಟ್ಟಿಗೆ ನೋಡಿದೆ. ಒಂದು ಮೂಲೆಯೂ ಬಿಟ್ಟಿರಲಿಲ್ಲ. ದರಿದ್ರದವನು, ಎಂಥ ಜಾಯಿಂಟ್ ಮಾಡಿದ್ದ!

"ಪಟ್ಟಿಗೆ ಈ ಮೋಟು ಸ್ಕ್ರೂ ಹಾಕಿದ್ಯಾರು?" ಅಪ್ಪ ಗುಡುಗಿದ.

"ನಾನೇ ಯಜಮಾನ್ರೇ," ಸೊಂಟ ಹಿಡಿದುಕೊಂಡೇ ಅವನೆಂದ. "ಅವಳು ಹಾಕಿದ ಸ್ಕ್ರೂ ಬಿಚ್ಚಿ ಬದಲಾಯಿಸ್ದೆ."

ನನ್ನ ಸೇಡನ್ನೂ ಇವನೇ ನುಂಗಿದರೆ ನನಗೇನು ಉಳಿಯಿತು?

"ಸುಳ್ಳು! ಮೋಟು ಸ್ಕ್ರೂ ಹಾಕಿದ್ದು ನಾನು. ಬೇಕಂತಲೇ!"

ಅಪ್ಪ ಉಳಿಗಾಗಿ ಕೈ ಚಾಚಿದ. ಉಳಿ ಕೊಟ್ಟು ಬೀದಿಗೆ ಬಂದೆ. ಅವನು ಕುಂಟುತ್ತ ಹಿಂದೆಯೇ ಬಂದ.

"ಉದ್ದದ ಸ್ಕ್ರೂ ಎಲ್ಲ ಡಬ್ಬೀಲೇ ಇದ್ವು. ನೋಡಿದ್ದೆ ನಾನು."

"ಗೊತ್ತಿದ್ದೂ ಯಾಕೋ ಜೋತುಬಿದ್ದೆ? ತಲೆ ಕೆಟ್ಟಿದ್ಯಾ?"

"ನೀನು ಮಾತೇ ಬಿಟ್ಟಿದ್ದೆಯಲ್ಲ. ಬಿದ್ರಾದ್ರೂ ಬಯ್ತೀಯ ಅನ್ಕೊಂಡೆ."

ನಾನೂ ಬಿಡಲಿಲ್ಲ.

"ನೀನು ಅವತ್ತು ಕಿತ್ತು ನಕ್ಕೆಯಲ್ಲ, ಆ ಕಪಾಟು... ನಿನಗೆ ಕೊಡೋಕೇ ಮಾಡಿದ್ದು ಕಣೋ, ಕತ್ತೆ."

ಗರಗಸದ ನಗು ಮಾಯವಾಯಿತು, ಕಣ್ಣು ತುಂಬಿ ಬಂತು. ಬಿದ್ದಾಗಲೂ ಅವನ ಮುಖ ಹೀಗಾಗಿರಲಿಲ್ಲ.

"ಅಳು, ಚೆನ್ನಾಗಿ ಅಳು," ಎನ್ನುತ್ತ ಅವನ ಕೂದಲಿನಿಂದ ಪ್ಲಾಸ್ಟರ್ ಕೊಡವಿದೆ. ಕೊಡವಿ ಮುಗಿದರೂ ಕೈ ತೆಗೆಯಲು ಮನಸ್ಸು ಬರಲಿಲ್ಲ.