ಬೈಗುಳದ ಪಾಲು

“ಮಂಡೆಯಲ್ಲಿ ಮೆದುಳುಂಟಾ, ಸೆಗಣಿ ಉಂಟಾ ನಿನಗೆ?”

ಚಿಕ್ಕಮ್ಮ ಜಲಜಾಕ್ಷಿ ತನ್ನ ಮಗ ಪೃಥ್ವಿರಾಜನನ್ನು ಬೈಯುತ್ತಿದ್ದಳು. ಅವನು ಚೆಲ್ಲಿದ ಮಾವಿನ ಜ್ಯೂಸ್ ಸೋಫಾದ ಮೇಲೆ ಆರಾಮವಾಗಿ ಹರಡುತ್ತಿತ್ತು.

ಭವ್ಯಶ್ರೀ ಸೋಫಾದ ಇನ್ನೊಂದು ತುದಿಯಲ್ಲಿ ಕೂತಿದ್ದಳು. ನಿನ್ನೆ ಅವಳೂ ಅಲ್ಲೇ ಜ್ಯೂಸ್ ಚೆಲ್ಲಿದ್ದಳು. ಆಗ ಚಿಕ್ಕಮ್ಮ, “ಪರವಾಗಿಲ್ಲ ಪುಟ್ಟಾ, ನಾನು ಒರೆಸ್ತೇನೆ” ಅಂದಿದ್ದಳು. ಅದು ನೆಂಟರ ಮಕ್ಕಳಿಗೆ ಹೇಳುವ ಮಾತು. ಅಪ್ಪ ಚಿಕ್ಕಮ್ಮನನ್ನು ಎರಡನೇ ಮದುವೆಯಾಗಿ, ಅವಳೂ ಪೃಥ್ವಿಯೂ ಬರ್ ದುಬೈಯ ಫ್ಲ್ಯಾಟಿಗೆ ಬಂದು ವರ್ಷವಾಗುತ್ತ ಬಂದಿತ್ತು. ಭವ್ಯಳಿಗೆ ಇನ್ನೂ ಒಂದು ಬೈಗುಳವೂ ಸಿಕ್ಕಿರಲಿಲ್ಲ.

ಟೀವಿಯಲ್ಲಿ ಹಳೆಯ ಇಂಗ್ಲಿಷ್ ಕಾಮಿಡಿ ಬರುತ್ತಿತ್ತು. ಅದರಲ್ಲೂ ಕೆಲವು ಮಕ್ಕಳು ಅಪ್ಪನ ಕಡೆಯವರು, ಕೆಲವರು ಅಮ್ಮನ ಕಡೆಯವರು, ಒಬ್ಬಳು ದತ್ತು ಹುಡುಗಿ. ಏನೇ ರಂಪವಾದರೂ ಅರ್ಧ ಗಂಟೆಯೊಳಗೆ ಎಲ್ಲರೂ ತಬ್ಬಿಕೊಳ್ಳಬೇಕು, ಎಲ್ಲಿಂದಲೋ ಕಾಣದ ಜನ ನಗಬೇಕು. ಆ ಮನೆಯ ಸೋಫಾದ ಮೇಲೆ ಒಗೆದ ಬಟ್ಟೆಯ ರಾಶಿ ಯಾವತ್ತೂ ಇರುವುದಿಲ್ಲ. ಇವತ್ತು ದತ್ತು ಹುಡುಗಿ ಚೀಲ ಹೊತ್ತು ಮನೆ ಬಿಟ್ಟಳು. ಮನೆಯವರು ಹುಡುಕಿದರು, ಅತ್ತರು, ತಬ್ಬಿಕೊಂಡರು.

ಅಡುಗೆಮನೆಯಲ್ಲಿ ಚಿಕ್ಕಮ್ಮ ಪಕ್ಕದ ಫ್ಲ್ಯಾಟಿನ ಬೆಟ್ಟಿ ಆಂಟಿ ಜೊತೆ ಫೋನಿನಲ್ಲಿದ್ದಳು. “ಭವ್ಯಳಿಗೆ ಬೈಲಿಕ್ಕೆ ನನಗೆ ಧೈರ್ಯ ಬರೂದಿಲ್ಲ ಬೆಟ್ಟಿ. ಎಷ್ಟಾದ್ರೂ ಅವರ ಮಗಳಲ್ವಾ.”

ಅವರ ಮಗಳು. ಹಾಗಾದರೆ ಚಿಕ್ಕಮ್ಮನಿಗೆ ತಾನು ಯಾರು?

ಭವ್ಯ ಸ್ಕೂಲ್ ಬ್ಯಾಗಿಗೆ ಈಜುವ ಕನ್ನಡಕ, ಬಿಸ್ಕತ್ ಪ್ಯಾಕೆಟ್ ತುರುಕಿ ಹೊರಟಳು. ಪಾಸ್‌ಪೋರ್ಟ್ ಅಪ್ಪನ ಕಪಾಟಿನಲ್ಲಿತ್ತು, ಕಪಾಟಿನ ಕೀಲಿ ಅಪ್ಪನ ಜೊತೆ ಜೆಬೆಲ್ ಅಲಿಯ ಆಫೀಸಿನಲ್ಲಿತ್ತು. ದುಬೈಯಲ್ಲಿ ಓಡಿಹೋಗುವುದೂ ಅಷ್ಟು ಸುಲಭವಲ್ಲ.

ಕೆಳಗಿನ ಲಾಬಿಯ ಬಾಗಿಲು ತೆರೆದದ್ದೇ ತಡ, ಆಗಸ್ಟಿನ ಬಿಸಿಗಾಳಿ ಮುಖಕ್ಕೆ ರಪ್ಪನೆ ಬಡಿಯಿತು. ಮನೆ ಬಿಟ್ಟ ಶೂರೆ ಬಾಗಿಲು ಮುಚ್ಚಿ, ಎ.ಸಿ. ಕೆಳಗೆ ಕೂತಳು.

ಬಿಸ್ಕತ್ ಮುಗಿಯಿತು. ಟೀವಿಯಲ್ಲಾಗಿದ್ದರೆ ಇಷ್ಟು ಹೊತ್ತಿಗೆ ತಬ್ಬಿಕೊಳ್ಳುವುದೂ ಮುಗಿದಿರುತ್ತಿತ್ತು. ಯಾರೂ ಬರದೇ ಹೋದರೆ? ಭವ್ಯಳಿಗೆ ಈಗ ನಿಜವಾಗಿ ಹೆದರಿಕೆಯಾಯಿತು.

ಲಿಫ್ಟ್ ತೆರೆಯಿತು. ನೈಟಿಯ ಮೇಲೆ ಟವೆಲ್ ಹೊದ್ದ ಚಿಕ್ಕಮ್ಮ, ಹಿಂದೆ ಪೃಥ್ವಿ. ಭವ್ಯ ಎದ್ದು, ಟೀವಿಯಲ್ಲಿ ಮಾಡುವ ಹಾಗೆ ಎರಡೂ ಕೈ ಚಾಚಿದಳು. ಚಿಕ್ಕಮ್ಮ ಒಂದು ಕೈ ಹಿಡಿದು ದರದರ ಎಳೆದಳು.

“ಎಲ್ಲಿಗೆ ಸವಾರಿ? ಟೆರೇಸ್ ಹತ್ತಿ ಬಂದೆ, ಬೆಟ್ಟಿ ಮನೆ ನೋಡಿದೆ, ಜೀವ ಬಾಯಿಗೆ ಬಂತು ನನಗೆ. ಮಂಡೆಯಲ್ಲಿ ಮೆದುಳುಂಟಾ, ಸೆಗಣಿ ಉಂಟಾ ನಿನಗೆ?”

“ಸಾರಿ ಚಿಕ್ಕಮ್ಮ, ಐ ವಾಸ್ ಜಸ್ಟ್...”

“ಜಸ್ಟೂ ಇಲ್ಲ, ಗಿಸ್ಟೂ ಇಲ್ಲ. ನಾಳೆಯಿಂದ ಟೀವಿ ಖಲಾಸ್. ಇಬ್ರಿಗೂ.”

“ನಾನೆಂತ ಮಾಡಿದೆ?” ಅಂದ ಪೃಥ್ವಿ.

“ನೀನು ಬಾಯಿ ಮುಚ್ಚು.”

ಏಳನೇ ಮಹಡಿ ಬರುವವರೆಗೂ ಬೈಗುಳ ನಿಲ್ಲಲಿಲ್ಲ. ಪಾಪ, ಅಳುತ್ತಿರಬಹುದು ಎಂದು ಪೃಥ್ವಿ ಬಗ್ಗಿ ನೋಡಿದ. ಭವ್ಯ ತುಟಿ ಕಚ್ಚಿ ನಗು ತಡೆದುಕೊಂಡಿದ್ದಳು.

ಮನೆಯೊಳಗೆ ಬಂದದ್ದೇ ಚಿಕ್ಕಮ್ಮ ಇಬ್ಬರ ಕೈಗೂ ಒಂದೊಂದು ಒದ್ದೆ ಬಟ್ಟೆ ಕೊಟ್ಟಳು. “ಸೋಫಾ ಒರೆಸಿ. ಭವ್ಯ, ನಿನ್ನೆ ನೀನು ಮಾಡಿದ ಕಲೆಯೂ ಉಂಟು ಅದರಲ್ಲಿ.”

ಟೀವಿ ಆಫ್ ಆಗಿತ್ತು. ಕಾಣದ ಜನ ಯಾರೂ ನಗಲಿಲ್ಲ. ಭವ್ಯ ಪೃಥ್ವಿಯ ಪಕ್ಕ ಮಂಡಿಯೂರಿ, ತನ್ನ ಕಲೆ ಯಾವುದೆಂದು ಹುಡುಕಿ, ಗಸಗಸ ಒರೆಸತೊಡಗಿದಳು.